ಕಾವಲೂ ಗೂಡೂ: ಸೋಲದೇವನಹಳ್ಳಿ–ಹೆಸರಘಟ್ಟ ಸೀಮೆಯಲ್ಲಿ ಹಕ್ಕಿ ಸಂರಕ್ಷಣೆ ಮತ್ತು ಜೀವದಯೆಯ ಚರಿತ್ರೆ

1. ಪ್ರಸ್ತಾವನೆ

ಬೆಂಗಳೂರು–ತುಮಕೂರು ರೈಲುಮಾರ್ಗದಲ್ಲಿ ಚಿಕ್ಕಬಾಣಾವರ ದಾಟಿದರೆ ಸೋಲದೇವನಹಳ್ಳಿ. ಅಲ್ಲಿಂದ ಹೆಸರಘಟ್ಟದ ರಸ್ತೆ ಹಿಡಿದು ಹೋದವರಿಗೆ ಅಕ್ಕಪಕ್ಕದಲ್ಲೇ ಎರಡು ಲೋಕಗಳು ಸಿಗುತ್ತವೆ. ಒಂದು, ಕೆರೆಯ ಆಚೀಚೆ ಹರಡಿದ ಹುಲ್ಲುಗಾವಲು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಾರಿಬರುವ ಹ್ಯಾರಿಯರ್ ಗಿಡುಗಗಳು ಇಲ್ಲಿನ ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಇನ್ನೊಂದು, ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ. ಇಲ್ಲಿ ಕೋಳಿ, ಬಾತು, ಟರ್ಕಿಗಳ ತಳಿ ಬೆಳೆಸುವುದನ್ನು ಕಲಿಸುತ್ತಾರೆ. ಎರಡೂ ಕಡೆ ಇರುವುದು ಹಕ್ಕಿಯೇ. ಆದರೆ ಒಂದನ್ನು ಮುಟ್ಟಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ. ಇನ್ನೊಂದನ್ನು ಹಿಂಸಿಸಿದರೆ ಕೇಳಬೇಕಾದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ.

ಈ ಎರಡು ಕಾಯ್ದೆಗಳ ಹಿಂದೆ ಎರಡು ಮನೋಧರ್ಮಗಳಿವೆ. ಒಂದು ಕುಲವನ್ನೂ ನೆಲೆಯನ್ನೂ ಕಾಯುತ್ತದೆ. ಒಂಟಿ ಹಕ್ಕಿಯ ನೋವು ಅದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಒಂದೊಂದು ಜೀವದ ನೋವಿಗೆ ಮರುಗುತ್ತದೆ. ಆ ಜೀವದ ನೆಲೆ ಉಳಿಯಿತೋ ಅಳಿಯಿತೋ ಎಂದು ವಿಚಾರಿಸುವುದಿಲ್ಲ. ಕನ್ನಡ ನಾಡಿನಲ್ಲಿ ಇವೆರಡೂ ಹೇಗೆ ಬೇರೆಬೇರೆ ದಾರಿಯಲ್ಲಿ ಬೆಳೆದವು, ಹೆಸರಘಟ್ಟದ ಸೀಮೆಯಲ್ಲಿ ಹೇಗೆ ಮುಖಾಮುಖಿಯಾದವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇಲ್ಲಿನ ಹಕ್ಕಿಗಳು ಉಳಿದದ್ದು ಹಕ್ಕಿಗಳಿಗಾಗಿ ಯಾರೋ ಪಟ್ಟ ಶ್ರಮದಿಂದಲ್ಲ, ನೀರು ಮತ್ತು ಮೇವಿಗಾಗಿ ಮನುಷ್ಯ ಮಾಡಿಕೊಂಡ ಏರ್ಪಾಟುಗಳ ಆಸರೆಯಲ್ಲಿ ಎಂಬುದು ಇದರ ಮುಖ್ಯ ವಾದ.

2. ಹಿಟ್ಟಿನ ಕೋಳಿ ಮತ್ತು ಕಾಳಗದ ಕೋಳಿ

ಜೀವದಯೆಯ ಮಾತಿಗೆ ಕರ್ನಾಟಕದಲ್ಲಿ ಸಿಗುವ ಅತಿ ಹಳೆಯ ಲಿಖಿತ ಆಧಾರ ಅಶೋಕನ ಶಾಸನಗಳು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಶಾಸನ ತಂದೆತಾಯಿಗಳ ಸೇವೆ, ಸತ್ಯ, ಗುರುಭಕ್ತಿಗಳ ಸಾಲಿನಲ್ಲೇ ಜೀವಿಗಳ ವಿಷಯದಲ್ಲಿ ದೃಢವಾಗಿ ನಡೆದುಕೊಳ್ಳಬೇಕೆಂಬ ಕಟ್ಟಳೆಯನ್ನೂ ಇಡುತ್ತದೆ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೇ ಇದ್ದು ಗಿಳಿ, ಮೈನಾ, ಚಕ್ರವಾಕ, ಹಂಸಗಳು ಅದರಲ್ಲಿ ಬರುತ್ತವೆ. ರಾಜ್ಯವೊಂದು ರಕ್ಷಿತ ಪ್ರಾಣಿಗಳ ಪಟ್ಟಿ ಮಾಡಿ ಸಾರುವ ಪದ್ಧತಿಗೆ ಇಷ್ಟು ಹಿಂದಿನ ನಿದರ್ಶನವಿದೆ.

ಕನ್ನಡ ಸಾಹಿತ್ಯದಲ್ಲಿ ಈ ವಿಚಾರವನ್ನು ಅತ್ಯಂತ ಕಟುವಾಗಿ ಒರೆಗೆ ಹಚ್ಚಿದ ಕೃತಿ ಜನ್ನನ ‘ಯಶೋಧರ ಚರಿತೆ’ (1209). ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರ ಹಿಟ್ಟಿನ ಕೋಳಿಯನ್ನು ಕಡಿದು ರಾಜಿ ಮಾಡಿಕೊಳ್ಳುತ್ತಾನೆ. ಕತ್ತಿಯ ಏಟಿಗೆ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ತಾಯಿಮಕ್ಕಳು ನಾಯಿ, ನವಿಲು ಮೊದಲಾದ ಜನ್ಮಗಳನ್ನು ಸುತ್ತಿ, ಕೊನೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ. ಜೈನ ದೃಷ್ಟಿಯ ಪ್ರಕಾರ ಪಾಪ ಮೊದಲು ಅಂಟುವುದು ಸಂಕಲ್ಪಕ್ಕೆ. ರಕ್ತ ಹರಿಯಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ಕೊಲ್ಲುವವನೇ ಮುಂದೊಮ್ಮೆ ಕೊಲ್ಲಿಸಿಕೊಳ್ಳುವ ಹಕ್ಕಿಯಾಗಿ ಬರುವ ಈ ಕಥನದಲ್ಲಿ ಮನುಷ್ಯನಿಗೂ ಕೋಳಿಗೂ ನಡುವಿನ ಗೋಡೆ ಉಳಿಯುವುದೇ ಇಲ್ಲ. ಕೋಳಿಯ ಕುಲ ಉಳಿಯಬೇಕೆಂಬ ಚಿಂತೆಯೂ ಇದರಲ್ಲಿಲ್ಲ. ಇರುವುದು ಒಂದು ಜೀವ, ಒಂದು ಕತ್ತಿ, ಕತ್ತಿ ಎತ್ತಿದವನ ಮನಸ್ಸು.

ಜನ್ನನಿಗಿಂತ ಸುಮಾರು ಎಂಬತ್ತು ವರ್ಷ ಮೊದಲು ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಬರೆಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ ಇನ್ನೊಂದು ಜಗತ್ತನ್ನು ತೋರಿಸುತ್ತದೆ. ಅರಸರ ವಿನೋದಗಳ ನಡುವೆ ಅಲ್ಲಿ ಕೋಳಿಕಾಳಗವಿದೆ, ಲಾವಕ್ಕಿಗಳ ಕಾಳಗವಿದೆ, ಡೇಗೆಯಿಂದ ಬೇಟೆಯಾಡಿಸುವ ಶ್ಯೇನವಿನೋದವಿದೆ. ಹಕ್ಕಿಯ ಲಕ್ಷಣ, ಆಹಾರ, ಪಳಗಿಸುವ ಕ್ರಮಗಳನ್ನೆಲ್ಲ ಬಲ್ಲ ಕುಶಲಿಗಳ ತಿಳಿವಳಿಕೆ ಅದರ ಪುಟಗಳಲ್ಲಿದೆ. ತುಳುನಾಡಿನ ಕೋಳಿ ಅಂಕ ಈ ಧಾರೆಯ ಜೀವಂತ ರೂಪ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಬಣ್ಣದ ಕೋಳಿ ಗೆಲ್ಲುತ್ತದೆಂದು ಹೇಳುವ ‘ಕುಕ್ಕುಟ ಪಂಚಾಂಗ’ವೂ ಅಲ್ಲಿ ಬಳಕೆಯಲ್ಲಿದೆ. ಕೋಳಿಯ ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟುವವನಿಗೆ ಕೋಳಿಯ ಮೇಲೆ ಅಕ್ಕರೆಯಿಲ್ಲ ಎನ್ನುವಂತಿಲ್ಲ. ಅವನು ಅದನ್ನು ಮನೆಮಗನಂತೆ ಸಾಕಿರುತ್ತಾನೆ. ನಮ್ಮ ಸಮಾಜದಲ್ಲಿ ಅಕ್ಕರೆಯೂ ಹಿಂಸೆಯೂ ಒಂದೇ ಅಂಗಳದಲ್ಲಿ ಬೆಳೆದಿವೆ. ಪಿತೃಪಕ್ಷದಲ್ಲಿ ಕಾಗೆ ಬಂದು ಪಿಂಡ ಮುಟ್ಟಲಿಲ್ಲವೆಂದು ಕಂಗಾಲಾಗುವ ಮನೆಯವರೇ ಮಾರನೆಯ ದಿನ ಅದು ತಲೆಗೆ ಬಡಿಯಿತೆಂದು ಅಪಶಕುನ ಕಳೆದುಕೊಳ್ಳಲು ಓಡುವುದುಂಟು.

3. ನೀರಿನ ದಾರಿ, ಮೇವಿನ ಬಯಲು

ಹಕ್ಕಿಗಳ ನೆಲೆಗಳು ಹೇಗೆ ಹುಟ್ಟಿದವು ಎಂಬ ಪ್ರಶ್ನೆಗೆ ಉತ್ತರ ದಯೆಯ ಚರಿತ್ರೆಯಲ್ಲಿ ಸಿಗುವುದಿಲ್ಲ. ನೀರಾವರಿಯ ಚರಿತ್ರೆಯಲ್ಲಿ ಹುಡುಕಬೇಕು.

ಬೆಂಗಳೂರಿಗೆ ಕೊಳಾಯಿ ನೀರು ತರುವ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ್ದು. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆಯನ್ನು ಜಲಾಶಯವಾಗಿ ಕಟ್ಟಲಾಯಿತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ತನ್ನ ಇಳಿಜಾರಿನಿಂದಲೇ ಹರಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿನ ಪಂಪುಮನೆಯ ಉಗಿಯಂತ್ರಗಳು ಅದನ್ನು ಮೇಲೆತ್ತಿ ಮಲ್ಲೇಶ್ವರದ ಕಡೆಗೆ ತಳ್ಳುತ್ತಿದ್ದವು. ಚಾಮರಾಜೇಂದ್ರ ಜಲಕಾರ್ಯ ಎಂದು ಹೆಸರಾದ ಈ ಏರ್ಪಾಟಿನ ನಕ್ಷೆಯಲ್ಲಿ ಹಕ್ಕಿಗೆ ಜಾಗವಿರಲಿಲ್ಲ. ಆದರೆ ಜಲಾನಯನ ಪ್ರದೇಶವನ್ನು ಕಟ್ಟಡಗಳಿಂದ ದೂರವಿಟ್ಟ ಆ ವ್ಯವಸ್ಥೆಯಲ್ಲಿ ಬಾತುಗಳಿಗೂ ಉಲ್ಲಂಕಿಗಳಿಗೂ ಕೊಕ್ಕರೆಗಳಿಗೂ ನೂರು ವರ್ಷ ಬಾಳುವ ನೆಲೆ ಸಿಕ್ಕಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, ಆಮೇಲೆ ಕಾವೇರಿ ನೀರು ಬಂದು ನಗರಕ್ಕೆ ಹೆಸರಘಟ್ಟದ ಹಂಗು ತಪ್ಪಿತು. 1990ರ ದಶಕದ ನಂತರ ಕೆರೆ ಬಹುಪಾಲು ಬತ್ತಿಯೇ ಇತ್ತು. 2022ರ ಭಾರಿ ಮಳೆಗೆ ಅದು ಮತ್ತೆ ತುಂಬಿದಾಗ ಸುತ್ತಲಿನ ಊರುಗಳ ಜನ ಅದನ್ನು ಹಬ್ಬದಂತೆ ನೋಡಲು ಬಂದರು.

ಕೆರೆಯ ಪಕ್ಕದ ಹುಲ್ಲುಗಾವಲಿನ ಕಥೆಯೂ ಇದೇ ತೆರನದು. ಇದು ಪಶುಸಂಗೋಪನಾ ಇಲಾಖೆಯ ವಶದಲ್ಲಿದ್ದ ಮೇವಿನ ಭೂಮಿ. 1960ರ ದಶಕದಿಂದೀಚೆಗೆ ಹೆಸರಘಟ್ಟದ ಸುತ್ತ ಪಶುಸಂಗೋಪನೆ, ಕೋಳಿಸಾಕಣೆ, ತೋಟಗಾರಿಕೆಯ ಸಂಸ್ಥೆಗಳು ಒಂದೊಂದಾಗಿ ನೆಲೆಯೂರಿದವು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂತು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೋರಿಗಳ ವೀರ್ಯವನ್ನು ಶೈತ್ಯೀಕರಿಸಿ ಕಾಪಿಡುವ ಕೇಂದ್ರ ಆರಂಭವಾಯಿತು. ದನಕ್ಕೆ ಹುಲ್ಲು ಬೇಕಿತ್ತು, ಆದ್ದರಿಂದ ಬಯಲು ಬಯಲಾಗಿಯೇ ಉಳಿಯಿತು. ಬಾನಾಡಿ, ಗೌಜಲಕ್ಕಿ, ಬುರ್ಲಿ, ಟಿಟ್ಟಿಭಗಳು ನೆಲದಲ್ಲಿ ಮೊಟ್ಟೆಯಿಡುವುದಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಇದು ಹೆಸರಘಟ್ಟದ ವಿಶೇಷವಲ್ಲ, ಕರ್ನಾಟಕದ ಸಾಮಾನ್ಯ ಕ್ರಮ. ರಂಗನತಿಟ್ಟಿನ ದ್ವೀಪಗಳು ಉಂಟಾದದ್ದು ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟೆಯಿಂದ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಅಲ್ಲಿನ ಗೂಡುಗಳನ್ನು ಕಂಡು ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಅಂದರೆ ಕಟ್ಟೆಗೂ ಧಾಮಕ್ಕೂ ನಡುವೆ ಮುನ್ನೂರು ವರ್ಷಗಳ ಅಂತರ. ಅಷ್ಟೂ ಕಾಲ ಹಕ್ಕಿಗಳು ಯಾವ ಆದೇಶವೂ ಇಲ್ಲದೆ ಅಲ್ಲಿ ಸಂಸಾರ ಮಾಡಿದ್ದವು.

ಉದ್ದೇಶಪೂರ್ವಕ ‘ಅಭಿವೃದ್ಧಿ’ ಇದಕ್ಕಿಂತ ಕೆಡುಕು ಮಾಡಿದ ನಿದರ್ಶನವೂ ಇದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಮತ್ತು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳಿಗಾಗಿ ಅಭಯಾರಣ್ಯ ಘೋಷಣೆಯಾಯಿತು. ಆದರೆ ಅಲ್ಲಿನ ಕುರುಚಲು ಬಯಲಿನಲ್ಲಿ ನೀಲಗಿರಿ ಮರಗಳನ್ನು ಬೆಳೆಸಲಾಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ದೂರದವರೆಗೆ ಕಣ್ಣು ಹಾಯುವ ಬಯಲನ್ನೇ ನೆಚ್ಚಿದ ಎರ್ಲಡ್ಡು ಅಲ್ಲಿಂದ ಕಾಣೆಯಾಯಿತು. ಮರವಿಲ್ಲದ ನೆಲ ಬಂಜರು ಎಂಬ ಕಂದಾಯದ ಲೆಕ್ಕವೇ ಅರಣ್ಯದ ಲೆಕ್ಕವೂ ಆದಾಗ ಹುಲ್ಲಿನ ಹಕ್ಕಿಗೆ ಎರಡೂ ಕಡೆ ನೆಲೆ ತಪ್ಪಿತು.

4. ಬಂದೂಕು, ಬಲೆ, ಪಟ್ಟಿ

ಹಕ್ಕಿಗಳ ಬಗೆಗಿನ ಆಧುನಿಕ ಶಾಸನ ಬೇಟೆಗಾರರ ಲೋಕದಿಂದ ಹುಟ್ಟಿತು. ಬ್ರಿಟಿಷ್ ಇಂಡಿಯಾದ 1887ರ ಕಾಡುಹಕ್ಕಿಗಳ ರಕ್ಷಣಾ ಕಾಯ್ದೆ ಪಟ್ಟಣ ಮತ್ತು ದಂಡುಪ್ರದೇಶಗಳಲ್ಲಿ, ಮರಿಮಾಡುವ ಕಾಲದಲ್ಲಿ ಕೊಂದ ಹಕ್ಕಿಗಳ ಮಾರಾಟವನ್ನು ತಡೆಯಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಟ್ಟಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಶಾಸನ ತಂದಿತು. ಬ್ರಿಟಿಷ್ ಇಂಡಿಯಾದ 1912ರ ಕಾಯ್ದೆ ಬೇಟೆ ನಿಷಿದ್ಧವಾದ ಋತುಗಳನ್ನು ಗೊತ್ತುಮಾಡಿತು. ಮುಂದಿನ ವರ್ಷದ ಬೇಟೆಗೆ ಹಕ್ಕಿ ಉಳಿದಿರಬೇಕು ಎಂಬುದು ಈ ಎಲ್ಲದರ ಹಿಂದಿನ ತರ್ಕ. ದಂಡಿನ ದೊರೆ ಭಾನುವಾರ ಕೆರೆಯಂಗಳದಲ್ಲಿ ಉಲ್ಲಂಕಿ ಹೊಡೆದರೆ ಅದು ಕ್ರೀಡೆ. ಹಳ್ಳಿಯವನು ಬಲೆ ಬೀಸಿದರೆ ಅದು ಹಾವಳಿ.

ಸ್ವಾತಂತ್ರ್ಯಾನಂತರ ಬಂದೂಕು ಇಟ್ಟು ದುರ್ಬೀನು ಹಿಡಿದ ತಲೆಮಾರು ಬಂತು. ಸಲೀಂ ಅಲಿ ಸ್ವತಃ ಬೇಟೆಯ ಲೋಕದಿಂದ ಹಕ್ಕಿಯ ಅಧ್ಯಯನಕ್ಕೆ ಬಂದವರು. ಕನ್ನಡದಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕೋವಿಯಿಂದ ಕ್ಯಾಮರಾಕ್ಕೆ ಹೊರಳಿ, ‘ಹಕ್ಕಿಪುಕ್ಕ’ದಂಥ ಪುಸ್ತಕದ ಮೂಲಕ ಸಾಮಾನ್ಯ ಓದುಗನ ಕೈಗೆ ಹಕ್ಕಿಗಳ ಗುರುತು ಕೊಟ್ಟರು. ಬೆಂಗಳೂರಿನ ಹಕ್ಕಿವೀಕ್ಷಕರು ಕೆರೆಕೆರೆ ತಿರುಗಿ ನೀರಹಕ್ಕಿಗಳನ್ನು ಎಣಿಸತೊಡಗಿದರು. ಉತ್ತರ ಬೆಂಗಳೂರಿನ ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾದದ್ದು ಇಂಥ ಎಣಿಕೆ ಮತ್ತು ಒತ್ತಾಯಗಳ ಪರಂಪರೆಯಲ್ಲಿಯೇ.

1972ರ ಕಾಯ್ದೆ ಜೀವಿಗಳನ್ನು ಅನುಸೂಚಿಗಳಾಗಿ ವಿಂಗಡಿಸಿತು. 1991ರ ತಿದ್ದುಪಡಿಯೊಂದಿಗೆ ನಮ್ಮ ದೇಶದ ಹಕ್ಕಿಗಳನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ತಡೆ ಬಿತ್ತು. ಸಂರಕ್ಷಣೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಜೀವದಯೆಯ ದೃಷ್ಟಿಯಿಂದ ನೋಡಿದರೆ ವಿಚಿತ್ರಗಳು ಕಾಣುತ್ತವೆ. ಪಂಜರದಲ್ಲಿ ನಾಡಗಿಳಿ ಇಟ್ಟರೆ ಅಪರಾಧ. ಅದೇ ಪಂಜರದಲ್ಲಿ, ಜನ ‘ಲವ್ ಬರ್ಡ್ಸ್’ ಎಂದು ಕರೆಯುವ ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿಗಳನ್ನು ಇಟ್ಟರೆ ಅಂಗಡಿಯವನ ವ್ಯಾಪಾರ. ಎರಡರ ರೆಕ್ಕೆಗೂ ಪಂಜರದ ಕಂಬಿ ಒಂದೇ. ಪಿತೃಗಳ ಪ್ರತಿನಿಧಿಯಾದ ಸಾಮಾನ್ಯ ಕಾಗೆಯನ್ನು ಇದೇ ಕಾಯ್ದೆ 2022ರ ತಿದ್ದುಪಡಿಯ ತನಕ ಇಲಿ, ಬಾವಲಿಗಳ ಜತೆ ಪೀಡೆಯ ಪಟ್ಟಿಯಲ್ಲಿ ಇಟ್ಟಿತ್ತು.

ಪಟ್ಟಿಯ ಬೆಲೆ ತೆತ್ತವರೂ ಇದ್ದಾರೆ. ಹಕ್ಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡು ಅಲೆಯುತ್ತಿದ್ದ ಹಕ್ಕಿಪಿಕ್ಕಿಗಳಿಗೆ 1972ರ ನಂತರ ಕುಲಕಸುಬೇ ಕಾನೂನುಬಾಹಿರವಾಯಿತು. ಬನ್ನೇರುಘಟ್ಟ, ಹುಣಸೂರು ಮೊದಲಾದೆಡೆ ನೆಲೆನಿಂತ ಅವರು ಮಣಿಸರ, ಗಿಡಮೂಲಿಕೆ, ಎಣ್ಣೆಗಳ ವ್ಯಾಪಾರಕ್ಕೆ ಹೊರಳಿದರು. ಯಾವ ಹಕ್ಕಿ ಯಾವ ಪೊದೆಯಲ್ಲಿ ಗೂಡು ಕಟ್ಟುತ್ತದೆ, ಯಾವ ಕೂಗಿಗೆ ಓಗೊಡುತ್ತದೆ ಎಂಬ ಅವರ ತಿಳಿವಳಿಕೆಯನ್ನು ಸಂರಕ್ಷಣೆಯ ಕೆಲಸಕ್ಕೆ ಬಳಸಿಕೊಳ್ಳುವ ಯೋಚನೆ ರಾಜ್ಯಕ್ಕೆ ಹೊಳೆಯಲಿಲ್ಲ.

5. ಗೂಡಿನೊಳಗಿನ ಹಕ್ಕಿ

ಜನ್ನನ ಕೋಳಿ ಆಧುನಿಕ ಕಾನೂನಿಗೆ ಬಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಮೂಲಕ. ಇದಕ್ಕೆ ಒತ್ತಾಸೆಯಾದವರು ರಾಜ್ಯಸಭೆಯಲ್ಲಿದ್ದ ನೃತ್ಯಗಾರ್ತಿ ರುಕ್ಮಿಣೀದೇವಿ ಅರುಂಡೇಲ್. ಈ ಕಾಯ್ದೆಯ ಪ್ರಕಾರ ಮನುಷ್ಯನ ಹೊರತು ಯಾವುದೇ ಜೀವಿಯೂ ಪ್ರಾಣಿಯೇ. ಅಲುಗಾಡಲು ಸಾಕಷ್ಟು ಎತ್ತರ, ಉದ್ದ, ಅಗಲಗಳಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಹನ್ನೊಂದನೆಯ ಸೆಕ್ಷನ್ನಿನಂತೆ ಕ್ರೌರ್ಯ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದೂ ಅಪರಾಧ. ಆಹಾರಕ್ಕಾಗಿ ಅನಗತ್ಯ ನೋವಿಲ್ಲದೆ ಕೊಲ್ಲುವುದಕ್ಕೆ ವಿನಾಯಿತಿಯಿದೆ. ಧರ್ಮದ ಕಟ್ಟಳೆಯಂತೆ ಕೊಲ್ಲುವುದನ್ನು ಇಪ್ಪತ್ತೆಂಟನೆಯ ಸೆಕ್ಷನ್ ಹೊರಗಿಡುತ್ತದೆ. ಆದರೆ ಇದಕ್ಕೆ ಒಂದು ವರ್ಷ ಮೊದಲೇ, 1959ರಲ್ಲಿ, ನಮ್ಮ ರಾಜ್ಯ ಹಿಂದೂ ದೇವಾಲಯಗಳ ಆವರಣದಲ್ಲಿ ಪ್ರಾಣಿಬಲಿ ನಿಷೇಧಿಸುವ ಪ್ರತ್ಯೇಕ ಕಾಯ್ದೆ ಮಾಡಿತ್ತು. ಅಂದರೆ ದೇವರ ಮುಂದಿನ ಕತ್ತಿಯನ್ನು ರಾಜ್ಯ ಕೇಂದ್ರದ ಕಾಯ್ದೆಗಿಂತ ಮೊದಲೇ ಹಿಡಿದು ನಿಲ್ಲಿಸಿತು.

ಕೈಗಾರಿಕೆಯ ಗೂಡಿನ ವಿಷಯದಲ್ಲಿ ಆ ವೇಗ ಕಾಣಲಿಲ್ಲ. ಹಿತ್ತಲಲ್ಲಿ ಕೆದಕಿ ತಿನ್ನುತ್ತಿದ್ದ ನಾಟಿಕೋಳಿಯ ಜಾಗಕ್ಕೆ ಮೊಟ್ಟೆಯ ಕೋಳಿ, ಮಾಂಸದ ಕೋಳಿ ಎಂಬ ಎರಡು ಪ್ರತ್ಯೇಕ ತಳಿಗಳು ಬಂದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ. ಹೆಸರಘಟ್ಟದಲ್ಲಿ ರೈತರಿಗೆ ಇದರ ತರಬೇತಿ ನಡೆಯಿತು. ಬಡ ಮನೆಗಳಿಗೆ ಮೊಟ್ಟೆ, ಸಣ್ಣ ರೈತನ ಕೈಗೆ ನಾಲ್ಕು ಕಾಸು ತಂದ ಈ ಬದಲಾವಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಹೆಬ್ಬಾಳದ ಪಶುವೈದ್ಯ ವಿಜ್ಞಾನಿಗಳು ಹಿತ್ತಲಿನಲ್ಲೇ ಸಾಕಲು ತಕ್ಕ ‘ಗಿರಿರಾಜ’ ತಳಿಯನ್ನು ಬೆಳೆಸಿ, ಗೂಡಿಗೂ ಹಿತ್ತಲಿಗೂ ನಡುವೆ ಒಂದು ದಾರಿ ಇದೆಯೆಂದು ತೋರಿಸಿದರು. ಆದರೆ ಮಾರುಕಟ್ಟೆ ಹಿಡಿದದ್ದು ತಂತಿಗೂಡಿನ ದಾರಿಯನ್ನೇ.

ಬ್ರಿಟನ್ನಿನಲ್ಲಿ ರೂತ್ ಹ್ಯಾರಿಸನ್ 1964ರಲ್ಲಿ ಕಾರ್ಖಾನೆ ಮಾದರಿಯ ಪಶುಸಾಕಣೆಯನ್ನು ಬಯಲಿಗೆಳೆದು ಬರೆದ ಮೇಲೆ, 1965ರ ಬ್ರಾಂಬೆಲ್ ವರದಿ ಸಾಕುಪ್ರಾಣಿಗೆ ಏಳುವ, ಮಲಗುವ, ತಿರುಗುವ, ಮೈ ತಿದ್ದಿಕೊಳ್ಳುವ, ಕೈಕಾಲು ಚಾಚುವ ಅವಕಾಶ ಬೇಕೆಂದಿತು. ಅಲ್ಲಿಂದ ಬೆಳೆದ ‘ಐದು ಸ್ವಾತಂತ್ರ್ಯ’ಗಳನ್ನು ನಮ್ಮ ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಕಾನೂನು ಆಯೋಗ ತನ್ನ 269ನೆಯ ವರದಿಯನ್ನು ಕೋಳಿಗಳ ಸಾಗಣೆ ಮತ್ತು ವಸತಿಗೆ ಮೀಸಲಿಟ್ಟಿತು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮ ಮೊಟ್ಟೆಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಕೇಳಿತು. ಕಚೇರಿಯಲ್ಲಿ ಬಳಸುವ ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಅಂದರೆ ಸುಧಾರಣೆಯೆಂದು ಮುಂದಿಟ್ಟ ಜಾಗದಲ್ಲಿಯೂ ಕೋಳಿ ರೆಕ್ಕೆ ಬಿಚ್ಚಲಾರದು.

6. 2012ರ ಸುತ್ತಮುತ್ತ

2010ರ ದಶಕದ ಆರಂಭದ ವರ್ಷಗಳಲ್ಲಿ ಹೆಸರಘಟ್ಟದ ಹುಲ್ಲಿನಲ್ಲಿ ಲೆಸ್ಸರ್ ಫ್ಲೋರಿಕನ್ ಕಾಣಿಸಿಕೊಂಡಿತು. ಎರ್ಲಡ್ಡಿನ ಬಳಗಕ್ಕೆ ಸೇರಿದ, ದೇಶದಲ್ಲೇ ವಿರಳವಾದ ಹಕ್ಕಿ ಇದು. ಮಳೆಗಾಲದಲ್ಲಿ ಇದರ ಗಂಡು ಹೆಣ್ಣನ್ನು ಸೆಳೆಯಲು ಹುಲ್ಲಿನ ಮೇಲಕ್ಕೆ ಮತ್ತೆಮತ್ತೆ ನೆಗೆಯುತ್ತದೆ. ನಗರದ ಅಂಚಿನಲ್ಲೇ ಅದು ಕಂಡದ್ದು ಹಕ್ಕಿಪ್ರಿಯರಲ್ಲಿ ಸಂಚಲನ ಮೂಡಿಸಿತು. ಅದರ ಹಿಂದೆಯೇ ಕ್ಯಾಮರಾಗಳೂ ಜೀಪುಗಳೂ ಬಂದವು. ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳ ಬಯಲಿನಲ್ಲಿ ಚಕ್ರದ ಜಾಡುಗಳು ಮೂಡಿದವು. ಹಕ್ಕಿಯನ್ನು ಪ್ರೀತಿಸುವವನಿಂದಲೂ ಹಕ್ಕಿಗೆ ಕಾಟ ತಪ್ಪಲಿಲ್ಲ.

ಅದೇ ಸುಮಾರಿಗೆ, 2012ರ ಅಕ್ಟೋಬರಿನಲ್ಲಿ, ಹೆಸರಘಟ್ಟದ ಕೇಂದ್ರೀಯ ಕೋಳಿ ಸಂಸ್ಥೆಯಲ್ಲಿ ಟರ್ಕಿಗಳು ಸಾಯತೊಡಗಿದವು. ಭೋಪಾಲದ ಪ್ರಯೋಗಾಲಯ ಎಚ್5ಎನ್1 ಹಕ್ಕಿಜ್ವರವೆಂದು ಖಚಿತಪಡಿಸಿತು. ರೋಗ ಹರಡದಂತೆ ಆವರಣದ ಸಾವಿರಾರು ಹಕ್ಕಿಗಳನ್ನು ಕೊಲ್ಲಲಾಯಿತು. ರೋಗತಡೆಯ ದೃಷ್ಟಿಯಿಂದ ಅದು ಅನಿವಾರ್ಯ ಕ್ರಮ. ಒಂದೇ ಸೀಮೆಯಲ್ಲಿ ಒಂದು ಹಕ್ಕಿಯ ದರ್ಶನಕ್ಕಾಗಿ ಜನ ಬೆಳಗಿನ ಜಾವ ಎದ್ದು ಬರುತ್ತಿದ್ದರೆ, ಸಾವಿರಾರು ಹಕ್ಕಿಗಳು ಅಂಕಿಸಂಖ್ಯೆಯಾಗಿ ಕಡತ ಸೇರಿದವು. ಹಕ್ಕಿಜ್ವರದ ವೈರಾಣುವಿಗೆ ಕಾಡುಬಾತು, ಸಾಕುಬಾತು ಎಂಬ ಭೇದವಿಲ್ಲ. ಕಾಯ್ದೆಗಳು ಎಳೆದ ಗೆರೆ ರೋಗದ ಲೆಕ್ಕದಲ್ಲಿ ಗೆರೆಯೇ ಅಲ್ಲ. ಹಕ್ಕಿಗಳನ್ನು ಇಕ್ಕಟ್ಟಿನಲ್ಲಿ ತುಂಬುವುದು ಅವುಗಳ ಪಾಲಿಗೆ ಹಿಂಸೆ. ಸೋಂಕು ಹರಡಲು ಅದೇ ಹಾದಿ. ಹೊರಗಿನ ಕಾಡುಹಕ್ಕಿಗೂ ಅದು ಅಪಾಯ. ಜೀವದಯೆಯ ಪ್ರಶ್ನೆಯೂ ಸಂರಕ್ಷಣೆಯ ಪ್ರಶ್ನೆಯೂ ಇಲ್ಲಿ ಒಂದಾಗುತ್ತವೆ.

ಹುಲ್ಲುಗಾವಲಿನ ಭವಿಷ್ಯದ ಮೇಲೆ ಆಮೇಲೆ ದೀರ್ಘ ಎಳೆದಾಟ ನಡೆಯಿತು. ಖಾಲಿ ಬಿದ್ದಂತೆ ಕಾಣುವ ಸರ್ಕಾರಿ ಭೂಮಿಯ ಮೇಲೆ ಫಿಲ್ಮ್ ಸಿಟಿಯಂಥ ಯೋಜನೆಗಳ ಕಣ್ಣು ಬೀಳುತ್ತಲೇ ಇತ್ತು. ಐದು ಸಾವಿರ ಎಕರೆಗೂ ಮಿಕ್ಕ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತು. ಮೇವು, ಓಡಾಟ, ಬೇಸಾಯಕ್ಕೆ ಅಡ್ಡಿಯಾದೀತೆಂಬ ಅಂಜಿಕೆ ಸುತ್ತಲಿನ ಹಳ್ಳಿಗಳಲ್ಲಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ ‘ಬೃಹತ್ ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲು’ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಸಂರಕ್ಷಣಾ ಮೀಸಲು ಎಂಬ ವರ್ಗ 2002ರ ತಿದ್ದುಪಡಿಯಿಂದ ಬಂದದ್ದು. ರಾಷ್ಟ್ರೀಯ ಉದ್ಯಾನದಂತೆ ಇದು ಜನರನ್ನು ಹೊರಹಾಕುವುದಿಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವಿದೆ. ಆದ್ದರಿಂದ ಹಳ್ಳಿಯವರ ಅಂಜಿಕೆಗೆ ಉತ್ತರ ಕಾಯ್ದೆಯಲ್ಲೇ ಇದೆ. ಅದನ್ನು ಅವರ ಬಳಿ ಕೂತು ವಿವರಿಸುವ ಕೆಲಸ ಮೊದಲೇ ಆಗಬೇಕಿತ್ತು.

7. ತವರಿನ ಮಾದರಿ

ಹೋಲಿಕೆಗೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೋಡಬಹುದು. ಊರೊಳಗಿನ ಹುಣಸೆಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಸಂರಕ್ಷಣೆಯ ಭೂಪಟಕ್ಕೆ ತಂದರು. ಮರದ ಹಣ್ಣಿನ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಸಾಕಿ ಬಿಡುತ್ತದೆ. 2007ರಲ್ಲಿ ಊರು ಸಮುದಾಯ ಮೀಸಲಾಯಿತು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಈ ಹಕ್ಕಿಗಳನ್ನು ಕಾಣುತ್ತಾರೆ. ಹಕ್ಕಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದೂ ಅವರಿಗೆ ಗೊತ್ತು. ಅಲ್ಲಿ ಕುಲವನ್ನು ಕಾಯುವ ಕೆಲಸವೂ ಬಿದ್ದ ಒಂದು ಮರಿಗೆ ಮರುಗುವ ಕೆಲಸವೂ ಒಂದೇ ಕೈಯಿಂದ ನಡೆಯುತ್ತವೆ. ಲಾಭ, ಮಮತೆ, ಪರಿಹಾರ ಮೂರೂ ಕೂಡಿದ್ದರಿಂದಲೇ ಅದು ಬಾಳಿಕೆ ಬಂದಿದೆ.

8. ಉಪಸಂಹಾರ

ಈ ಚರಿತ್ರೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಮೊದಲನೆಯದು, ಕರ್ನಾಟಕದ ಬಹುಪಾಲು ಹಕ್ಕಿನೆಲೆಗಳು ಕೆರೆ, ಕಟ್ಟೆ, ಕಾವಲು, ತೋಪುಗಳ ಆಸರೆಯಲ್ಲಿ ಉಳಿದವು. ಆ ಬಳಕೆ ನಿಂತ ಕ್ಷಣ ಅವುಗಳಿಗಿದ್ದ ರಕ್ಷಣೆಯೂ ಕಳಚುತ್ತದೆ. ನಗರಕ್ಕೆ ಹೆಸರಘಟ್ಟದ ನೀರು ಬೇಡವಾದ ಮೇಲೆ ಕೆರೆಗೆ ಬಂದ ಗತಿ ಇದಕ್ಕೆ ಸಾಕ್ಷಿ. ಹೊಸ ಮೀಸಲು ಬಾಳಬೇಕಾದರೆ ಹುಲ್ಲು, ನೀರು, ಮೇವಿನ ಬಳಕೆಯನ್ನು ಒಳಗೊಳ್ಳಬೇಕೇ ಹೊರತು ಅಳಿಸಬಾರದು. ಎರಡನೆಯದು, ಸಂಖ್ಯೆ ಕಡಿಮೆಯಾದ ಮೇಲೆ ಹುಟ್ಟುವ ಗೌರವವನ್ನು ಜೀವದಯೆ ಎನ್ನಲಾಗದು. ಫ್ಲೋರಿಕನ್ ವಿರಳವೆಂಬ ಕಾರಣಕ್ಕೆ ಅಮೂಲ್ಯವಾಗಿ, ಕೋಳಿ ಹೇರಳವೆಂಬ ಕಾರಣಕ್ಕೆ ಅಗ್ಗವಾಗಿರುವ ತನಕ ನಮ್ಮ ನೈತಿಕ ಲೆಕ್ಕ ಮಾರುಕಟ್ಟೆಯ ಲೆಕ್ಕವೇ. ಮೂರನೆಯದು, ಈ ಎರಡು ಧಾರೆಗಳು ಕೂಡಬೇಕೆಂಬುದು ಬರಿಯ ಆದರ್ಶವಲ್ಲ. 2012ರ ಹಕ್ಕಿಜ್ವರ ಅದನ್ನು ಆಡಳಿತದ ಅಗತ್ಯವಾಗಿಸಿದೆ. ಹುಲ್ಲುಗಾವಲಿನ ನಿರ್ವಹಣಾ ಯೋಜನೆ ಬರೆಯುವ ಅರಣ್ಯ ಇಲಾಖೆ ಮತ್ತು ಕೋಳಿಮನೆಯ ನಿಯಮ ಬರೆಯುವ ಪಶುಸಂಗೋಪನಾ ಇಲಾಖೆ ಒಂದೇ ಮೇಜಿನ ಸುತ್ತ ಕೂರುವುದು ಅದರ ಮೊದಲ ಹೆಜ್ಜೆ. ಎರಡೂ ಇಲಾಖೆಗಳಿಗೆ ಹೆಸರಘಟ್ಟದಲ್ಲಿ ಒಂದೇ ಬೇಲಿಯ ಎರಡು ಬದಿಯ ಹೊಣೆ ಇರುವುದರಿಂದ ಆ ಕೆಲಸವನ್ನು ಆರಂಭಿಸಲು ರಾಜ್ಯದಲ್ಲಿ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.